ತೂಕ ಏರದ ಕೂಸು, ಒತ್ತಾಸೆ ಬೇಕಾದ ತಾಯಿ

ಕೂಸಿನ ತೂಕ ಏರದೆ ನಿಂತಾಗ ಮನೆಯಲ್ಲಿ ಮೊದಲು ವಿಚಾರಣೆಗೆ ಒಳಗಾಗುವವಳು ತಾಯಿ. ಹಾಲು ಸಾಲದು ಎನ್ನುವವರು, ಪಥ್ಯ ಮುರಿದಳು ಎನ್ನುವವರು, ಉಣಿಸಲು ಬಾರದು ಎನ್ನುವವರು ಸುತ್ತ ಇರುತ್ತಾರೆ. ಒಂದು ತಾಸು ಕೂಸನ್ನು ಎತ್ತಿಕೊಂಡು ಆಕೆಯನ್ನು ಮಲಗಲು ಬಿಡುವವರು ಕಡಿಮೆ. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಸುಮಾರು 20 ಮಕ್ಕಳಿಗೆ ಎತ್ತರಕ್ಕೆ ತಕ್ಕ ತೂಕವಿಲ್ಲ. ಇಷ್ಟೊಂದು ಮಕ್ಕಳು ಹಿಂದೆ ಬಿದ್ದಿರುವಾಗ ಅದು ಒಬ್ಬೊಬ್ಬ ತಾಯಿಯ ತಪ್ಪಾಗಿರಲು ಸಾಧ್ಯವಿಲ್ಲ.

ಹಾಗಾದರೆ ನೆರವು ಎಲ್ಲಿಂದ ಶುರುವಾಗಬೇಕು? ಕೂಸನ್ನು ತೂಗಿ, ಅಳೆದು, ಬೇಗ ಆಸ್ಪತ್ರೆಗೆ ತಲುಪಿಸುವುದರಿಂದಲೋ, ತಾಯಿಯ ಊಟ, ನಿದ್ದೆ, ಬಿಡುವುಗಳಿಂದಲೋ? ಬಾದಾಮಿ ತಾಲೂಕಿನಲ್ಲಿ ಮಲಪ್ರಭೆಯ ದಂಡೆಯ ಮೇಲೆ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗ ಮಂದಿರವಿದೆ. ಅದರ ಸುತ್ತಲಿನ ಹಳ್ಳಿಗಳಲ್ಲಿ, ಗುಳೇದಗುಡ್ಡ, ಇಳಕಲ್ಲಿನ ನೇಕಾರರ ಓಣಿಗಳಲ್ಲಿ, ಹುನಗುಂದದ ಒಕ್ಕಲು ಮನೆಗಳಲ್ಲಿ ಈ ಪ್ರಶ್ನೆಗೆ ಎರಡು ಉತ್ತರ ಸಿಗುತ್ತವೆ. ಒಂದು ಉತ್ತರ ಬಾಣಂತಿ-ಕೂಸುಗಳಿಗೆ ನೀರು ಹಾಕುತ್ತಲೇ ವಯಸ್ಸಾದ ಹಿರಿಯಾಕೆಯದು. ಇನ್ನೊಂದು, ಊರಿನ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಸಮುದಾಯ ಆರೋಗ್ಯಾಧಿಕಾರಿಯಾಗಿರುವ ಕಿರಿಯಾಕೆಯದು. ಇಬ್ಬರೂ ಈ ಭಾಗದ ಯಾವ ಊರಿನಲ್ಲಾದರೂ ಕಾಣಸಿಗುವವರು. ಅವರ ಮಾತು ಮೊದಲ ವಾರಗಳ ಹಾಲಿನಿಂದ ಶುರುವಾಗುತ್ತದೆ.

ಹಿರಿಯಾಕೆ: ನೋಡ ತಂಗಿ, ಕೂಸು ಸೊರಗೈತಿ ಅಂದಕೂಡ್ಲೆ ನೀವು ತಕ್ಕಡಿ ತಗೀತೀರಿ. ನಾ ಮೊದಲ ಅವ್ವನ ಮುಖ ನೋಡ್ತೀನಿ. ಆಕಿ ಏನುಂಡಾಳ, ರಾತ್ರಿ ಎಷ್ಟೊತ್ತು ಮಲಗ್ಯಾಳ, ಯಾರ ಕೂಡ ಮಾತಾಡ್ಯಾಳ, ಇದನ್ನ ಕೇಳದ ಕೂಸಿನ ತೂಕ ಕೇಳಿ ಏನ ಮಾಡ್ತಿ?

ಕಿರಿಯಾಕೆ: ಅದನ್ನ ಕೇಳಬ್ಯಾಡ್ರಿ ಅಂತ ನಾ ಅನ್ನಂಗಿಲ್ರಿ ಆಯಿ. ಆದ್ರ ಮುಖ ನೋಡಿದ್ರ ಕೂಸಿಗೆ ಹಾಲು ಸಾಲತೈತೋ ಇಲ್ಲೋ ತಿಳ್ಯಂಗಿಲ್ಲ. ಹುಟ್ಟಿದ ಮೊದಲ ದಿನಗಳಾಗ ಎಲ್ಲಾ ಕೂಸಿನ ತೂಕನೂ ಇಳೀತೈತಿ, ನೂರಕ್ಕ ಏಳರಿಂದ ಹತ್ತು ಪಾಲಿನತನ. ಎರಡು ವಾರದಾಗ ಮತ್ತ ಹುಟ್ಟಿದಾಗಿನ ತೂಕಕ್ಕ ಬರಬೇಕು. ಆಮ್ಯಾಲ ಮೂರು ತಿಂಗಳತನ ದಿನಕ್ಕ 20ರಿಂದ 30 ಗ್ರಾಂ ಏರಬೇಕು. 20 ಗ್ರಾಂ ಯಾರ ಕಣ್ಣಿಗೂ ಕಾಣಂಗಿಲ್ರಿ, ತಕ್ಕಡಿಗೆ ಕಾಣತೈತಿ.

ಹಿರಿಯಾಕೆ: ಮೊದಲ ತೂಕ ಇಳಿಯೂದು ಸಹಜ ಅಂತ ನನಗ ಹೇಳ್ದಿ. ಆ ಚೊಚ್ಚಲ ಹಡದ ಹುಡುಗಿಗೆ ಯಾರ ಹೇಳ್ಯಾರ? ಮೂರನೇ ದಿನ ಕೂಸು ಅತ್ತಿತು ಅಂದ್ರ, "ನಿನ್ನ ಹಾಲ ಸಾಲಂಗಿಲ್ಲ ಬಿಡು" ಅಂತ ಯಾರರ ಒಬ್ರು ಅಂದಬಿಡತಾರ. ಆ ಒಂದು ಮಾತಿಗೆ ಬಾಟಲಿ ಮನಿಗೆ ಬರತೈತಿ.

ಕಿರಿಯಾಕೆ: ಬಾಟಲಿ ಬಂದಮ್ಯಾಲ ಹಾಲು ಖರೇನ ಕಡಿಮಿ ಆಗತೈತ್ರಿ. ಕೂಸು ಎಷ್ಟು ಚೀಪತೈತೋ ಅಷ್ಟು ಹಾಲು ಇಳೀತೈತಿ. ಹೊಟ್ಟಿ ಬಾಟಲಿಯಿಂದ ತುಂಬಿದ್ರ ಕೂಸು ಚೀಪಂಗಿಲ್ಲ, ಚೀಪಲಿಲ್ಲಂದ್ರ ಹಾಲು ಬತ್ತತೈತಿ. ಅದಕ್ಕ ಹಾಲು ಸಾಲಂಗಿಲ್ಲ ಅಂತ ಯಾರರ ಅಂದ್ರ ನಾ ಮೊದಲ ಕೂಸು ಮೊಲಿ ಹೆಂಗ ಹಿಡದೈತಿ ನೋಡ್ತೀನ್ರಿ. ಬರೀ ತೊಟ್ಟು ಬಾಯಾಗಿದ್ರ ಹಾಲು ಬರಂಗಿಲ್ಲ, ತೊಟ್ಟು ಒಡೀತೈತಿ, ತಾಯಿ ನೋವಿಗೆ ಹಲ್ಲು ಕಚ್ಚತಾಳ. ಬಾಯಿ ಅಗಲ ತೆರೆದು ತೊಟ್ಟಿನ ಸುತ್ತಲಿನ ಕರೀ ಭಾಗ ಬಹುಪಾಲು ಒಳಗ ಹೋಗಬೇಕು, ಗದ್ದ ಎದಿಗೆ ತಾಗಬೇಕು, ಕೆಳತುಟಿ ಹೊರಗ ಮಡಚಿರಬೇಕು. ಇಷ್ಟು ಸರಿ ಮಾಡಿದ್ರ ಎಷ್ಟೋ ಮಂದಿಗೆ ಅವತ್ತ ಸುಧಾರಸತೈತಿ. ಕೂಸು ದಿನಕ್ಕ ಆರು ಸಲಕ್ಕಿಂತ ಹೆಚ್ಚು ಉಚ್ಚಿ ಹೊಯ್ತು, ತೂಕ ಏರಾಕ ಹತ್ತೇತಿ ಅಂದ್ರ ಹಾಲು ಸಾಲತೈತಿ ಅಂತ ಧೈರ್ಯಾ ಹೇಳಬಹುದು.

ಹಿರಿಯಾಕೆ: ಧೈರ್ಯಾ ಹೇಳೂದು, ಅದ ದೊಡ್ಡ ಔಷಧ. ಆದ್ರ ಎಲ್ಲಾರಿಗೂ ಬರತೈತೇನ ಹಾಲು? ತಾಯಿ ಹಾಲ ಅಮೃತ ಅಂತ ಗೋಡಿ ಮ್ಯಾಲ ಬರಸ್ತೀರಿ. ಹಾಲು ಬರದಾಕಿ ಆ ಗೋಡಿ ಹಾದು ಹೋಗೂವಾಗ ಆಕಿಗೆ ಏನ ಅನಸಬೇಕು?

ಕಿರಿಯಾಕೆ: ಅದನ್ನ ನಾವು ಬಹಳ ಕಡಿಮಿ ವಿಚಾರ ಮಾಡ್ತೀವ್ರಿ. ಹೆರಿಗಿಯಾಗ ರಕ್ತ ಬಹಳ ಹೋದಾಕಿಗೆ, ಥೈರಾಯ್ಡ್ ತೊಂದ್ರಿ ಇದ್ದಾಕಿಗೆ, ಎದಿಗೆ ಆಪರೇಷನ್ ಆದಾಕಿಗೆ ಖರೇನ ಸಾಲದ ಹೋಗಬಹುದು. ಅಂಥಾಕಿ ಡಾಕ್ಟರ್ ಹೇಳಿದ ಹಾಲಿನ ಪುಡಿ, ಹೇಳಿದ ಅಳತಿಯೊಳಗ, ಕುದಿಸಿದ ನೀರಾಗ ಕಲಸಿ, ಬಟ್ಟಲು-ಚಮಚದಾಗ ಕುಡಸಬೇಕು. ಅದರಾಗ ನಾಚಿಕಿ ಪಡೂದೇನೂ ಇಲ್ಲ. ನಾ ಬ್ಯಾಡ ಅನ್ನೂದು ಯಾರೋ ಅಂದ್ರು ಅಂತ ಅಂಗಡಿಯಿಂದ ಡಬ್ಬಿ ತರೂದಕ್ಕ. ಡಬ್ಬಿ ಹಾಲಿನ, ಬಾಟಲಿಯ ಜಾಹೀರಾತು ಮಾಡಬಾರದು ಅಂತ 1992ರಾಗ ಕಾಯ್ದೆನ ಮಾಡ್ಯಾರ. ಇನ್ನ ನಿಮ್ಮ ಕಡಿಂದ ಒಂದ ಕೇಳ್ತೀನ್ರಿ. ಮೊದಲ ಹಳದಿ ಹಾಲು ಹಿಂಡಿ ಚೆಲ್ಲೂದು, ಜೇನ ನೆಕ್ಕಸೂದು, ಗುಟ್ಟಿ ಹಾಕೂದು, ಬಾಣಂತಿಗೆ ನೀರು ಕಡಿಮಿ ಕೊಡೂದು, ಇವನ್ನ ಬಿಡಸ್ರಿ. ಆ ಹಳದಿ ಹಾಲು ಕೂಸಿನ ಮೊದಲ ಲಸಿಕಿ ಇದ್ದಂಗ. ಜೇನು ಒಂದು ವರ್ಷ ತುಂಬೂತನ ಬ್ಯಾಡ, ಅದರಾಗಿನ ಒಂದು ಜಾತಿ ಸೂಕ್ಷ್ಮಜೀವಿಯಿಂದ ಸಣ್ಣ ಕೂಸಿನ ಜೀವಕ್ಕ ಅಪಾಯ ಆಗಬಹುದು.

ಹಿರಿಯಾಕೆ: ಜೇನ ಬಿಟ್ಟೇವು. ಹಳದಿ ಹಾಲೂ ಈಗ ಯಾರೂ ಅಷ್ಟು ಚೆಲ್ಲಂಗಿಲ್ಲ. ಆದ್ರ ನಮ್ಮ ಕಾಲದ್ದೆಲ್ಲಾ ಬಿಡ್ರಿ ಅನಬ್ಯಾಡ. ತವರಮನ್ಯಾಗ ಇಟಗೊಂಡು, ಕೈಗೆ ಕೆಲಸ ಹಚ್ಚಲಾರದ, ಎಣ್ಣಿ ಹಚ್ಚಿ ನೀರ ಹಾಕಿ, ಅಳವಿ ಪಾಯಸ, ಅಂಟಿನ ಉಂಡಿ ಮಾಡಿ ಹಾಕತಿದ್ರಲ್ಲ, ಅದರಾಗೇನು ತಪ್ಪು? ಬಾಣಂತಿಗೆ ಒಳಗ ಕೂಡಾಕ ಅವಕಾಶ ಕೊಟ್ಟಿದ್ದ ಆ ಪದ್ಧತಿ.

ಕಿರಿಯಾಕೆ: ಅದು ಇರಬೇಕ್ರಿ. ಹಾಲೂಡಸೂ ತಾಯಿಗೆ ಮೊದಲ ಆರು ತಿಂಗಳು ದಿನಕ್ಕ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳತೈತಿ. ಅಂಟಿನ ಉಂಡಿ, ಅಮೀನಗಡದ ಕರದಂಟು ಆ ಕೊರತಿ ತುಂಬತಾವ. ಆದ್ರ ಚೊಚ್ಚಲಿಗೆ ಉಂಡಿ ಕಟ್ಟೂ ಮನಿ, ಮೂರನೇ ಹೆರಿಗಿಗೆ ಕಟ್ಟತೈತೇನ್ರಿ?

ಹಿರಿಯಾಕೆ: ಇಲ್ಲ ತಂಗಿ. ಮೂರನೇದು ಹೆಣ್ಣಾದ್ರಂತೂ ತವರಿಗೂ ಕಳಸಂಗಿಲ್ಲ.

ಹಾಲಿನ ತೊಂದರೆ ಯಾವಾಗಲೂ ತಾಯಿಯ ಕಡೆಯದಲ್ಲ. 2.5 ಕಿಲೋಗಿಂತ ಕಡಿಮೆ ತೂಕದಲ್ಲಿ ಅಥವಾ ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಚೀಪುವ ಬಲ ಸಾಲದಿರಬಹುದು. ಸೀಳಂಗಳವಿದ್ದರೆ ಹಾಲು ಮೂಗಿನಿಂದ ಹೊರಬರುತ್ತದೆ. ಹೃದಯದಲ್ಲಿ ದೋಷವಿದ್ದರೆ ಕೂಸು ಕುಡಿಯುತ್ತ ಕುಡಿಯುತ್ತ ಬೆವರುತ್ತದೆ, ಏದುಸಿರು ಬಿಡುತ್ತದೆ, ನಡುವೆಯೇ ಬಿಟ್ಟುಬಿಡುತ್ತದೆ. ಇಂಥ ಲಕ್ಷಣವನ್ನು ಹಟ ಎಂದುಕೊಂಡರೆ ತಿಂಗಳುಗಳೇ ವ್ಯರ್ಥವಾಗುತ್ತವೆ.

ಕಿರಿಯಾಕೆ: ಅದಕ್ಕ ಆಶಾ ಅಕ್ಕಾರು 3, 7, 14, 21, 28 ಮತ್ತ 42ನೇ ದಿನ ಮನಿಗೆ ಬರತಾರ್ರಿ. ಆಸ್ಪತ್ರಿಯೊಳಗ ಕಾಣದ್ದು ಮನ್ಯಾಗ ಕಾಣತೈತಿ. ಸಣ್ಣ ಕೂಸನ್ನ ಅವ್ವನ ಎದಿ ಮ್ಯಾಲ, ಮೈಗೆ ಮೈ ತಾಗಸಿ ಕಟ್ಟಿ ಇಡೂ ಪದ್ಧತಿ ಐತಲ್ಲ, ಕಾಂಗರೂ ಆರೈಕಿ, ಅದು 1970ರ ದಶಕದ ಕೊನಿಗೆ ಕೊಲಂಬಿಯಾ ದೇಶದ ಬೊಗೊಟಾದಾಗ ಶುರುವಾತು. ನಮ್ಮ ಬಾಜೂಕಿನ ಕೊಪ್ಪಳ ಜಿಲ್ಲಾದಾಗ ಸರಕಾರಿ ಆಸ್ಪತ್ರಿಯೊಳಗೂ, ಆಮ್ಯಾಲ ಮನ್ಯಾಗೂ ಅದನ್ನ ದೊಡ್ಡ ಪ್ರಮಾಣದಾಗ ಮಾಡಿ ತೋರಸ್ಯಾರ. ಕೂಸಿನ ಮೈ ಬೆಚ್ಚಗಿರತೈತಿ, ಎದಿ ಹತ್ರನ ಇರೂದ್ರಿಂದ ಹಾಲೂ ಛಲೋ ಬರತೈತಿ.

ಹಿರಿಯಾಕೆ: ದಿನಾ ಅಷ್ಟೊತ್ತು ಕೂಸ ಕಟಗೊಂಡು ಕುಂತ್ರ ಬಚ್ಚಲ ಯಾರ ತಿಕ್ಕಬೇಕು, ರೊಟ್ಟಿ ಯಾರ ಬಡೀಬೇಕು?

ಕಿರಿಯಾಕೆ: ಅವ್ವನ ಆಗಬೇಕಂತಿಲ್ರಿ. ಅಪ್ಪ ಕಟಗೋಬಹುದು, ನೀವೂ ಕಟಗೋಬಹುದು. ಹಾಲು ಅವ್ವ ಕೊಡಬೇಕು, ಬಿಸಿ ಯಾರ ಮೈಯಾಗಿಂದ ಬಂದ್ರೂ ನಡೀತೈತಿ.

ಆರು ತಿಂಗಳು ತುಂಬಿದ ಮೇಲೆ ತೊಂದರೆಯ ರೂಪ ಬೇರೆ. ತಾಯಿಹಾಲು ಎರಡು ವರ್ಷ ಅಥವಾ ಅದರಾಚೆಗೂ ಮುಂದುವರಿಯಬೇಕು, ಆದರೆ ಅದೊಂದೇ ಸಾಲದು. 6ರಿಂದ 8 ತಿಂಗಳ ಕೂಸಿಗೆ ದಿನಕ್ಕೆ ಸುಮಾರು 200, 9ರಿಂದ 11 ತಿಂಗಳಲ್ಲಿ 300, ಎರಡನೆಯ ವರ್ಷದಲ್ಲಿ 550 ಕ್ಯಾಲೊರಿ ಊಟದಿಂದ ಬರಬೇಕು. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 6ರಿಂದ 23 ತಿಂಗಳ 100 ಮಕ್ಕಳಲ್ಲಿ 11 ಮಕ್ಕಳಿಗಷ್ಟೇ ಸಾಕಷ್ಟು ಸಲ, ಸಾಕಷ್ಟು ಬಗೆಯ ಊಟ ಸಿಗುತ್ತಿದೆ. ಬೆಳವಣಿಗೆ ಕುಂಠಿತವಾಗುವುದು ಹೆಚ್ಚಾಗಿ ಈ ಅವಧಿಯಲ್ಲೇ.

ಹಿರಿಯಾಕೆ: ನಮ್ಮ ಮಂದಿ ಅಂಬಲಿ, ನುಚ್ಚು ಉಂಡ ಬೆಳದಾರ. ಈಗ ಅದನ್ನ ಕೊಡಬ್ಯಾಡಂತೀರಿ.

ಕಿರಿಯಾಕೆ: ಅಂಬಲಿ ಬ್ಯಾಡ ಅಂದಿಲ್ರಿ, ನೀರಂಥಾ ಅಂಬಲಿ ಬ್ಯಾಡ ಅಂದೇನಿ. ಎಂಟು ತಿಂಗಳ ಕೂಸಿನ ಹೊಟ್ಟಿ ಒಂದು ಸಣ್ಣ ಬಟ್ಟಲಷ್ಟು. ಅದು ನೀರಿನಿಂದ ತುಂಬಿದ್ರ ಕೂಸು ಸಾಕಂತೈತಿ, ಸತ್ವ ಒಳಗ ಹೋಗಿರಂಗಿಲ್ಲ. ಚಮಚ ಓರಿ ಮಾಡಿದ್ರ ಸುರೀಬಾರದು, ಚಮಚದಾಗ ನಿಲ್ಲಬೇಕು. ಅಷ್ಟು ದಪ್ಪ ಇರಬೇಕು.

ಹಿರಿಯಾಕೆ: ಅಷ್ಟು ದಪ್ಪ ಮಾಡಿದ್ರ ಕೂಸು ಉಗಳತೈತಿ. ಉಣಿಸಿದಾಕಿಗೆ ಗೊತ್ತು ಅದು. ಅದಕ್ಕ ಹಿಂದಕ ಮೊಳಕಿ ಹಿಟ್ಟ ಮಾಡಿ ಇಟ್ಟಿರತಿದ್ರು. ರಾಗಿ ಇಲ್ಲಾ ಗೋದಿ ನೆನಿಸಿ, ಅರಿವಿಯಾಗ ಕಟ್ಟಿ ಮೊಳಕಿ ಬರಿಸಿ, ನೆರಳಾಗ ಒಣಗಿಸಿ, ಹಗೂರಕ ಬೆಚ್ಚಗ ಮಾಡಿ ಬೀಸೂದು. ಬಿಸಿ ಅಂಬಲಿಗೆ ಒಂದು ಚಮಚ ಆ ಹಿಟ್ಟ ಹಾಕಿ ಕಲಸು, ಹೆಂಗ ಸಡಿಲ ಆಗತೈತಿ ನೋಡು.

ಕಿರಿಯಾಕೆ: ಅದಕ್ಕ ಪುಸ್ತಕದಾಗೂ ಆಧಾರ ಐತ್ರಿ. ಮೊಳಕಿಯಾಗ ಒಂದು ಕಿಣ್ವ ಇರತೈತಿ, ಅದು ಪಿಷ್ಟಾನ ಒಡೀತೈತಿ. ನೀರು ಹಾಕಲಾರದ ಅಂಬಲಿ ತೆಳ್ಳಗ ಆಗತೈತಿ, ಸತ್ವ ಅಷ್ಟ ಉಳೀತೈತಿ. ಇದನ್ನ ನೀವ ಎಲ್ಲಾ ತಾಯಂದ್ರಿಗೆ ಕಲಸಬೇಕು. ಅದರ ಮ್ಯಾಲ ಒಂದು ಚಮಚ ತುಪ್ಪ ಇಲ್ಲಾ ಎಣ್ಣಿ, ನುಣ್ಣಗ ಮಾಡಿದ ಶೇಂಗಾ ಪುಡಿ, ಕಟ್ಟಲ್ಲ, ಕುದ್ದ ಬ್ಯಾಳಿ. ಬ್ಯಾಳಿ ಕಟ್ಟು ಬರೀ ನೀರ. ಆಮ್ಯಾಲ ತತ್ತಿ.

ಹಿರಿಯಾಕೆ: ಈ ಭಾಗದಾಗ ಎಷ್ಟೋ ಮನಿ ಒಳಗ ತತ್ತಿ ಬರಂಗಿಲ್ಲ. ಅದು ಅವರ ಆಚಾರ. ತತ್ತಿ ಇಲ್ಲಂದ್ರ ನಿಮ್ಮ ಕೂಸು ಬೆಳ್ಯಂಗಿಲ್ಲ ಅಂತ ಹೇಳಿದ್ರ, ಆ ಮನಿ ಬಾಗಲ ನಿನಗ ಮುಚ್ಚತೈತಿ.

ಕಿರಿಯಾಕೆ: ಆಚಾರಕ್ಕ ನಾ ಅಡ್ಡ ಬರಂಗಿಲ್ರಿ. ಅಂಥ ಮನ್ಯಾಗ ಮೊಸರು, ಬ್ಯಾಳಿ, ಶೇಂಗಾ, ನುಗ್ಗಿ ಸೊಪ್ಪು ದಿನಾ ಇರಬೇಕು, ಆರು ತಿಂಗಳಿಂದ ಕಬ್ಬಿಣಾಂಶದ ಸಿರಪ್ ತಪ್ಪಬಾರದು. ಯಾಕಂದ್ರ ಸೊಪ್ಪಿನಾಗಿನ ಕಬ್ಬಿಣಾಂಶ ಮೈಗೆ ಅಷ್ಟು ಹತ್ತಂಗಿಲ್ಲ. ಆದ್ರ ತತ್ತಿ ತಿನ್ನೂ ಮನ್ಯಾಗೂ ಕೂಸಿಗೆ ಉಷ್ಣ ಆಗತೈತಿ ಅಂತ ಕೊಡಂಗಿಲ್ಲ, ದೊಡ್ಡವರು ತಿಂತಾರ. ಅದು ಆಚಾರ ಅಲ್ರಿ. ಇನ್ನ ಚಹಾದಾಗ ಬಿಸ್ಕೀಟ ಅದ್ದಿ ಕೊಡೂದು ಯಾವ ಆಚಾರ?

ಹಿರಿಯಾಕೆ: ಅದು ಆಚಾರ ಅಲ್ಲವಾ, ಅವಸರ. ಬಿಸ್ಕೀಟ ಕೈಗೆ ಕೊಟ್ರ ಕೂಸು ಸುಮ್ಮನಾಗತೈತಿ, ಅವ್ವ ಕೆಲಸಕ್ಕ ಹೋಗತಾಳ. ಕಾಲ ಮ್ಯಾಲ ಮಲಗಿಸಿ ಬಾಯಾಗ ಹೊಯ್ಯೂದೂ ಅವಸರನ.

ಕಿರಿಯಾಕೆ: ಹಂಗ ಹೊಯ್ದ್ರ ಶ್ವಾಸನಾಳಕ್ಕ ಹೋಗಬಹುದು. ಒತ್ತಾಯ ಮಾಡಿದಷ್ಟೂ ಕೂಸು ಚಮಚ ಕಂಡ್ರ ಅಳತೈತಿ. ಕೂಸಿನ ಮುಂದ ಕುಂತು, ಕಣ್ಣಾಗ ಕಣ್ಣಿಟ್ಟು, ಮಾತಾಡಸ್ತ, ಅದು ಬಾಯಿ ತೆರದಾಗ ಕೊಡಬೇಕು, ಮುಖ ತಿರುವಿದ್ರ ತಡೀಬೇಕು. ಹೊಸ ರುಚಿನ ಒಂದು ಸಲ ಉಗಳಿತಂತ ಬಿಡಬಾರದು, ಹತ್ತು ಸಲನರ ಕೊಟ್ಟ ನೋಡಬೇಕು. ಮೊಬೈಲ್ ತೋರಿಸಿ ತುಂಬಸಬಾರದು.

ಹಿರಿಯಾಕೆ: ಹಂಗ ಉಣಸಾಕ ಒಂದು ಸಲಕ್ಕ ಅರ್ಧ ತಾಸು ಬೇಕು. ದಿನಕ್ಕ ನಾಕು ಸಲ ಅಂದ್ರ ಎರಡು ತಾಸು. ಕೈಯಾಗ ಚಮಚ ಕೊಟ್ಟು ಹೋಗಬ್ಯಾಡ ತಂಗಿ, ಆ ಎರಡು ತಾಸು ಎಲ್ಲಿಂದ ತರಬೇಕು ಅನ್ನೂದನ್ನೂ ಹೇಳಿ ಹೋಗು.

ಈ ಪ್ರಶ್ನೆಗೆ ಪೋಷಣೆಯ ಪುಸ್ತಕಗಳಲ್ಲಿ ಉತ್ತರ ವಿರಳ. ನೇಕಾರರ ಮನೆಯಲ್ಲಿ ಸೀರೆಯ ಬೆಲೆ ಮಗ್ಗದ ಮೇಲೆ ಕುಳಿತವರ ಲೆಕ್ಕಕ್ಕೆ ಬರುತ್ತದೆ; ಕಂಡಿಕೆ ಸುತ್ತಿ, ನೂಲು ಬಿಡಿಸಿ, ನಡುವೆ ಅಡುಗೆ ಮಾಡಿ, ಕೂಸಿಗೆ ಉಣಿಸುವ ಹೆಂಗಸಿನ ಹೊತ್ತು ಯಾರ ಲೆಕ್ಕಕ್ಕೂ ಬರುವುದಿಲ್ಲ. ಮಳೆ ಕೈಕೊಟ್ಟ ವರ್ಷ ಬಾದಾಮಿ, ಹುನಗುಂದ ಭಾಗದ ಕುಟುಂಬಗಳು ಗೋವಾ, ಮಂಗಳೂರು, ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತವೆ. ಅಲ್ಲಿ ಅಜ್ಜಿಯೂ ಇಲ್ಲ, ಊರಿನ ಅಂಗನವಾಡಿಯೂ ಇಲ್ಲ.

ಕಿರಿಯಾಕೆ: ಸರಕಾರ ಕೈಕಟಗೊಂಡು ಕುಂತಿಲ್ರಿ. 1975ರ ಅಕ್ಟೋಬರ್ 2ಕ್ಕ ದೇಶದಾಗ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದಾಗ ಟಿ. ನರಸೀಪುರದಿಂದ ಶುರು ಮಾಡಿದ್ರು. 2017ರಿಂದ ಮಾತೃಪೂರ್ಣ ಬಂತು, ಬಸರಿ-ಬಾಣಂತ್ಯಾರಿಗೆ ಅಂಗನವಾಡಿಯೊಳಗ ಬಿಸಿ ಊಟ. ಸಣ್ಣ ಕೂಸಿಗೆ ಪುಷ್ಟಿ ಹಿಟ್ಟ ಮನಿಗೆ ಕೊಡತಾರ. ಉದ್ಯೋಗ ಖಾತ್ರಿಗೆ ಹೋಗೂ ಹೆಣ್ಣಮಕ್ಕಳ ಕೂಸುಗಳಿಗೆ ಅಂತ ಪಂಚಾಯತಿಯೊಳಗ ಕೂಸಿನ ಮನಿ ತೆರದಾರ.

ಹಿರಿಯಾಕೆ: ಊಟ ಅಂಗನವಾಡಿಯೊಳಗ ಉಣ್ಣಬೇಕಂದ್ರ ಹಸಿ ಬಾಣಂತಿ ಹೊಸ್ತಲ ದಾಟಿ ಬರಬೇಕಲ್ಲ? ಪುಷ್ಟಿ ಹಿಟ್ಟ ಮನಿಗೆ ಬಂದಮ್ಯಾಲ ಒಂದ ಕೂಸಿಗೆ ಉಳೀತೈತೇನ, ಮನಿ ತುಂಬ ಹುಡುಗರಿರೂವಾಗ? ಯೋಜನೆ ಬಂದಾವ ಖರೆ. ಆದ್ರ ಮನ್ಯಾಗಿನ ಗಂಡಸರು, ಅತ್ತೆಂದಿರು ಬದಲಾಗಲಿಲ್ಲಂದ್ರ ಅವು ಬಾಗಲತನ ಬಂದು ಅಲ್ಲೇ ನಿಲ್ಲತಾವ.

ಕಿರಿಯಾಕೆ: ಅದಕ್ಕ ನಾ ಈಗ ತಾಯಿ ಒಬ್ಬಾಕಿನ್ನ ಕರದು ಹೇಳೂದು ಕಡಿಮಿ ಮಾಡೇನ್ರಿ. ಅತ್ತಿ, ಗಂಡ ಇಬ್ರೂ ಕುಂತಾಗ ಹೇಳ್ತೀನಿ. ಕೂಸಿಗೆ ಉಣಸಾಕ ಗಂಡಗೂ ಬರತೈತಿ, ಕಲಿಸಿದ್ರ.

ಮಾತು ಅಳತೆಯ ಕಡೆಗೆ ಹೊರಳಿದಾಗ ಇಬ್ಬರ ನಡುವಿನ ಅಂತರ ಹೆಚ್ಚುತ್ತದೆ. ಆರು ತಿಂಗಳಿಂದ ಐದು ವರ್ಷದ ಮಗುವಿನ ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅದನ್ನು ತೀವ್ರ ಅಪೌಷ್ಟಿಕತೆ ಎಂದು ಗುರುತಿಸುತ್ತಾರೆ, 11.5ರಿಂದ 12.5ರ ನಡುವೆ ಇದ್ದರೆ ಮಧ್ಯಮ. ಎತ್ತರಕ್ಕೆ ಹೋಲಿಸಿದ ತೂಕ ತೀರ ಕಡಿಮೆಯಿರುವುದು, ಎರಡೂ ಪಾದಗಳಲ್ಲಿ ಒತ್ತಿದರೆ ಕುಳಿ ಬೀಳುವ ಬಾವು ಇರುವುದು, ಇವೂ ತೀವ್ರ ಸ್ಥಿತಿಯ ಗುರುತುಗಳೇ.

ಹಿರಿಯಾಕೆ: ಎಲ್ಲಾರ ಮುಂದ ಕೂಸನ್ನ ತೂಗಿ, ಬೆಳವಣಿಗಿ ಪಟ್ಟಿ ನೋಡಿ "ಕೆಂಪಾಗೈತಿ" ಅಂತ ಕೂಗತಾರ. ಆ ಅವ್ವ ಮುಂದಿನ ತಿಂಗಳ ಬರಂಗಿಲ್ಲ. ಅವ್ವ-ಅಪ್ಪ ಇಬ್ರೂ ಗಿಡ್ಡ ಇದ್ದಾರ, ಕೂಸೂ ಸಣ್ಣದಿರತೈತಿ. ನಿಮ್ಮ ಪಟ್ಟಿ ಯಾವ ದೇಶದ ಕೂಸುಗಳನ್ನ ನೋಡಿ ಮಾಡ್ಯಾರ?

ಕಿರಿಯಾಕೆ: ಆರು ದೇಶದ ಕೂಸುಗಳನ್ನ ನೋಡಿ ಮಾಡ್ಯಾರ್ರಿ. 1997ರಿಂದ 2003ರತನ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕಾ ಮತ್ತ ನಮ್ಮ ದಿಲ್ಲಿ. ತಾಯಿಹಾಲು ಕುಡಿದ, ಜಡ್ಡು-ಜಾಪತ್ರಿ ಇಲ್ಲದ ಕೂಸುಗಳು ಮೊದಲ ಐದು ವರ್ಷ ಎಲ್ಲಾ ಕಡೆ ಹೆಚ್ಚುಕಡಿಮಿ ಒಂದ ರೀತಿ ಬೆಳದುವು. 2006ರಾಗ ವಿಶ್ವ ಆರೋಗ್ಯ ಸಂಸ್ಥೆ ಅದನ್ನ ಮಾನದಂಡ ಮಾಡ್ತು. ಜಾತಿ, ಕುಲ, ನಾಡಿನಿಂದ ಕೂಸು ಗಿಡ್ಡಾಗೂದು ಅಂತ ಹೇಳಾಕ ಬರಂಗಿಲ್ಲ.

ಹಿರಿಯಾಕೆ: ದಿಲ್ಲಿಯೊಳಗ ಯಾರ ಮನಿ ಕೂಸುಗಳು ಅವು?

ಕಿರಿಯಾಕೆ: ಅನುಕೂಲಸ್ಥರ ಮನ್ಯಾವು.

ಹಿರಿಯಾಕೆ: ಹಂಗಂದ್ರ ನಿನ್ನ ಪಟ್ಟಿ ಹೇಳೂದು ಇಷ್ಟ: ಅವ್ವಗ ಅನ್ನ, ನೀರು, ಬಿಡುವು ಇದ್ರ ಕೂಸು ಇಷ್ಟು ಬೆಳೀತೈತಿ. ಬೆಳೀಲಿಲ್ಲಂದ್ರ ಅವ್ವಗ ಏನು ಸಿಕ್ಕಿಲ್ಲ ಅಂತ ಕೇಳಬೇಕು. ನೀವು ಅವ್ವ ಏನು ಮಾಡಿಲ್ಲ ಅಂತ ಕೇಳ್ತೀರಿ.

ಕಿರಿಯಾಕೆ: ಆ ಮಾತು ನಾ ಒಪ್ಪತೀನ್ರಿ. ಆದ್ರ ಪಟ್ಟಿನ ಇಲ್ಲಂದ್ರ ಯಾವ ಅವ್ವಗ ಏನು ಸಿಕ್ಕಿಲ್ಲ ಅನ್ನೂದು ಯಾರಿಗೂ ಗೊತ್ತಾಗಂಗಿಲ್ಲ. ತೂಗೂದು ನಿಲ್ಲಸಬಾರದು, ಕೂಗೂದು ನಿಲ್ಲಸಬೇಕು. ಒಂದು ತಿಂಗಳ ತೂಕ ನೋಡಿ ತೀರ್ಪು ಕೊಡಬಾರದು. ತಾಯಿ ಕಾರ್ಡಿನ ಗೆರಿ ಏರಾಕ ಹತ್ತೇತೋ, ಸಪಾಟ ಆಗೇತೋ, ಇಳದೇತೋ ನೋಡಬೇಕು. ಸಣ್ಣದಿದ್ರೂ ಗೆರಿ ಏರತಿದ್ರ ಧೈರ್ಯಾ ಹೇಳಬೇಕು. ಸಪಾಟ ಆದ್ರ ಅವತ್ತ ಕಾರಣ ಹುಡುಕಬೇಕು, ಮ್ಯಾಲಿಂದ ಮ್ಯಾಲ ಭೇದಿಯೋ, ಉಚ್ಚಿ ಸೋಂಕೋ, ಕ್ಷಯವೋ, ಉಣಸೂದರಾಗ ತೊಂದ್ರಿಯೋ.

ಹಿರಿಯಾಕೆ: ಕಾರಣ ಸಿಕ್ತು ಅಂದ್ರ ಜಿಲ್ಲಾ ಆಸ್ಪತ್ರಿಗೆ ಕಳಸ್ತೀರಿ. 14 ದಿನ. ಮನ್ಯಾಗ ಇನ್ನೊಂದು ಕೂಸು, ಮುದುಕರು, ಎಮ್ಮಿ. ಯಾರ ನೋಡಬೇಕು ಇವನ್ನ?

ಕಿರಿಯಾಕೆ: ಎಲ್ಲಾರನ್ನೂ ಕಳಸಂಗಿಲ್ರಿ. ಜ್ವರ ಇಲ್ಲ, ಬಾವಿಲ್ಲ, ಕೊಟ್ಟದ್ದು ಉಣ್ಣತೈತಿ ಅಂದ್ರ ಮನ್ಯಾಗ ನೋಡಕೋಬಹುದು, ವಾರಕ್ಕೊಮ್ಮಿ ತೂಗಬೇಕು. ಆದ್ರ ತೀವ್ರ ಸೊರಗಿದ ಕೂಸು ಊಟ ಬಿಟ್ಟಿತು, ಕಾಲು ಬಾತುವು, ಮಂಕಾತು ಅಂದ್ರ ಮನ್ಯಾಗ ಇಟಗೊಂಡ್ರ ಜೀವ ಹೋಗತೈತಿ. ಅಂಥ ಕೂಸಿಗೆ ಒಮ್ಮಿಲೆ ಹೊಟ್ಟಿತುಂಬ ಉಣಸಿದ್ರೂ ಅಪಾಯ. ಜಿಲ್ಲಾ ಆಸ್ಪತ್ರಿಯ ಪೌಷ್ಟಿಕ ಪುನಶ್ಚೇತನ ಕೇಂದ್ರದಾಗ ಮೊದಲ ಎಫ್-75 ಅನ್ನೂ ಹಗೂರ ಹಾಲು, ಎರಡೆರಡು ತಾಸಿಗೆ ತುಸು ತುಸು, ರಾತ್ರಿಗೂ. ಮೈ ತಡಕೊಂಡ ಮ್ಯಾಲ ಎಫ್-100. ಅವ್ವನ ಕೂಲಿ ಹೋಗತೈತಂತ ದಿನಕ್ಕ ಇಷ್ಟಂತ ರೊಕ್ಕ ಕೊಡತಾರ, ಆಕಿಗೂ ಊಟ ಅಲ್ಲೇ. ಬಂದಮ್ಯಾಲ 15 ದಿನಕ್ಕೊಮ್ಮಿ ನಾಕು ಸಲ ತೋರಸಬೇಕು.

ಹಿರಿಯಾಕೆ: ಜೀವದ ಮಾತಿಗೆ ನಾ ಎದುರಾಡಂಗಿಲ್ಲ. ಬಾಲಗ್ರಹ ಅಂತ ತಾಯತ ಕಟ್ಟಿಸಿ ಕುಂತವರನ್ನ ನಾನೂ ಬೈದೀನಿ. ತಾಯತ ಕಟ್ಟಿದ್ರ ಕಟ್ಟಲಿ, ಗಾಡಿ ಹತ್ತೂದು ತಡ ಆಗಬಾರದು. ಆದ್ರ 14 ದಿನ ತುಂಬಿ ಬಂದ ಕೂಸು ಮತ್ತ ಅದ ಮನಿಗೆ, ಅದ ಅವಸರಕ್ಕ ಬರತೈತಿ. ಎರಡು ತಿಂಗಳಿಗೆ ಮೊದಲಿನಂಗ ಆಗತೈತಿ. ನಿಮ್ಮ ಔಷಧ ಕೂಸಿಗೆ, ರೋಗ ಮನಿಗೆ.

ಕಿರಿಯಾಕೆ: ಮನಿ ಸುಧಾರಸೂತನ ಕೂಸು ಕಾಯಂಗಿಲ್ಲಲ್ರಿ ಆಯಿ.

ಈ ಮಾತಿಗೆ ಹಿರಿಯಾಕೆಯಲ್ಲಿ ಉತ್ತರವಿಲ್ಲ. ಹಿರಿಯಾಕೆಯ ಮಾತಿಗೆ ಕಿರಿಯಾಕೆಯಲ್ಲೂ ಇಲ್ಲ. ಇಬ್ಬರೂ ಉಳಿದ ಒಂದು ವಿಷಯಕ್ಕೆ ಬರುತ್ತಾರೆ. ಅದು ತಾಯಿಯ ಮನಸ್ಸು.

ಹಿರಿಯಾಕೆ: ಕೆಲವು ಹುಡಿಗ್ಯಾರು ಕೂಸನ್ನ ಎತ್ತಕೊಂಡಿರತಾರ, ನೋಡಂಗಿಲ್ಲ. ಅತ್ರ ಕೇಳಸಂಗಿಲ್ಲ. ಮಂದಿ ಸೊಕ್ಕು ಅಂತಾರ, ಗಾಳಿ ಅಂತಾರ. ನಾ ಅಂಥಾಕಿ ಬಾಜೂ ಕುಂತು ತಲಿಗೆ ಎಣ್ಣಿ ಹಚ್ಚತೀನಿ. ಆಮ್ಯಾಲ ತಾನ ಅಳತಾಳ, ತಾನ ಹೇಳತಾಳ.

ಕಿರಿಯಾಕೆ: ಅದು ಬಾಣಂತನದ ಖಿನ್ನತೆ ಇರಬಹುದ್ರಿ. ಆಕಿ ಆರಾಮಿಲ್ಲಂದ್ರ ಕೂಸಿಗೆ ಉಣಸೂದೂ ಹಿಂದ ಬೀಳತೈತಿ. ಎರಡು ವಾರಕ್ಕಿಂತ ಹೆಚ್ಚಿಗೆ ಹಂಗ ಇದ್ರ ಆಸ್ಪತ್ರಿಗೆ ಕರಕೊಂಡು ಬರಬೇಕು. 14416ಕ್ಕ ಫೋನ್ ಹಚ್ಚಿದ್ರ ಟೆಲಿ ಮಾನಸದಾಗ ಕನ್ನಡದಾಗ ಮಾತಾಡತಾರ, ದುಡ್ಡು ಕೊಡಬೇಕಾಗಿಲ್ಲ. ನೀವು ಎಣ್ಣಿ ಹಚ್ಚೂದೂ ಬಿಡಬ್ಯಾಡ್ರಿ. ಆಕಿ ನನಗ ಹೇಳಲಾರದ್ದನ್ನ ನಿಮಗ ಹೇಳತಾಳ.

ಹಿರಿಯಾಕೆ: ಒಂದು ಕೆಲಸ ಮಾಡು. ಈ ಮಾತನ್ನ ಹೆಣ್ಣಮಕ್ಕಳಿಗಷ್ಟ ಹೇಳಬ್ಯಾಡ. ಶಿವಯೋಗ ಮಂದಿರದ ಜಾತ್ರಿಗೆ, ಪುರಾಣಕ್ಕ ಗಂಡಸರು ಸಾಲ ಹಿಡದು ಕುಂದರತಾರ. ಅಲ್ಲಿ ಸ್ವಾಮಿಗಳ ಬಾಯಿಂದ ಒಂದು ಮಾತು ಬಂದ್ರ, "ಬಾಣಂತಿ ಮೊದಲ ಉಣ್ಣಲಿ, ಕೂಸಿಗೆ ಅಪ್ಪನೂ ಉಣಸಲಿ" ಅಂತ, ನೀ ಹತ್ತು ವರ್ಷ ತಿರಗಿದ್ರೂ ಆಗದ ಕೆಲಸ ಆಗತೈತಿ.

ಕಿರಿಯಾಕೆ: ಕೇಳ್ತೀನ್ರಿ. ಆದ್ರ ಆ ಮಾತು ಕೇಳಿ ಮನಿಗೆ ಬಂದ ಗಂಡಸಿನ ಕೈಯಾಗ ಚಮಚ ಕೊಡೂ ಕೆಲಸ ನಿಮ್ಮದು.

ಇಲ್ಲಿ ಒಬ್ಬರ ವಾದ ಇನ್ನೊಬ್ಬರದನ್ನು ಪೂರ್ತಿ ಅಳಿಸುವುದಿಲ್ಲ. ಅಳತೆಯಿಲ್ಲದ ಆರೈಕೆ ಅಪಾಯವನ್ನು ತಡವಾಗಿ ಕಾಣುತ್ತದೆ. ಆರೈಕೆಯಿಲ್ಲದ ಅಳತೆ ತಾಯಿಯನ್ನು ದೂರ ಓಡಿಸುತ್ತದೆ. ಆಸ್ಪತ್ರೆಯ 14 ದಿನಗಳು ಜೀವ ಉಳಿಸುತ್ತವೆ, ಮನೆಯ ಎರಡು ತಾಸು ಸಿಗದಿದ್ದರೆ ಆ ಫಲ ನಿಲ್ಲುವುದಿಲ್ಲ. ಆ ಎರಡು ತಾಸನ್ನು ಗುಳೆ ಹೋದ ಕುಟುಂಬಕ್ಕೆ ಯಾರು ಕೊಡಬೇಕು ಎನ್ನುವುದು ಇನ್ನೂ ಬಗೆಹರಿಯದ ಪ್ರಶ್ನೆ.

ಬಗೆಹರಿದಿರುವುದು ಇಷ್ಟು. ಹಾಲು ಹಿಡಿಯದ, ಊಟ ಬಿಟ್ಟ, ಮಂಕಾದ, ಪಾದ ಬಾತ ಕೂಸನ್ನು ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ತೂಕದ ಗೆರೆ ಸಪಾಟಾದ ಕೂಸನ್ನು ಮುಂದಿನ ತಿಂಗಳಿಗೆ ಮುಂದೂಡದೆ ಆರೋಗ್ಯ ಕೇಂದ್ರಕ್ಕೆ ತೋರಿಸಬೇಕು. ಆ ಮನೆಯಲ್ಲಿ ತಾಯಿಗೆ ಹೊಟ್ಟೆತುಂಬ ಊಟ, ಕುಡಿಯಲು ನೀರು, ಮಲಗಲು ಹೊತ್ತು ಕೊಡಬೇಕು. ದಿನದಲ್ಲಿ ಒಂದು ಸಲವಾದರೂ ಕೂಸಿಗೆ ಉಣಿಸುವ ಕೆಲಸವನ್ನು ತಂದೆ ವಹಿಸಿಕೊಳ್ಳಬೇಕು. "ನಿನ್ನ ಹಾಲು ಸಾಲದು" ಎನ್ನುವ ಮಾತನ್ನು ಅಳತೆ ನೋಡದೆ ಯಾರೂ ಯಾವ ತಾಯಿಗೂ ಹೇಳಬಾರದು.